ಹನ್ನೊಂದು ತಿಂಗಳು ಕಾದ ಬರಹ

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಅಟ್ಟದಿಂದ ನೆಂಟರು ಬಂದು ಕಾಯಿ ಇಳಿಸುತ್ತಿದ್ದರು. ಒಣಗಿದ ಕೊಬ್ಬರಿಯ ಎಣ್ಣೆ ವಾಸನೆಯೂ ಹಳೇ ಗೋಣಿಚೀಲದ ಧೂಳೂ ಕಾಂಪೌಂಡು ದಾಟಿ ನನ್ನ ಕಿಟಕಿಯೊಳಗೆ ಬಂದವು. ತುರುವೇಕೆರೆಯಲ್ಲಿ ಈ ವಾಸನೆ ಹೊಸದೇನಲ್ಲ, ಅಟ್ಟವಿದ್ದ ಮನೆಯಲ್ಲೆಲ್ಲ ಕಾಯಿ ಇದ್ದೇ ಇರುತ್ತದೆ. ಆದರೆ ಈ ಕಾಯಿಗಳನ್ನು ಅಟ್ಟಕ್ಕೇರಿಸಿದವರು ಹೋಗಿ ವರ್ಷವಾಗುತ್ತಾ ಬಂತು... ನಾನು ಟೀ ಲೋಟ ಹಿಡಿದುಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದೆ. ಪರದೆಯ ಮೇಲೆ ಅವರ ಕೊನೆಯ ಬರಹವಿತ್ತು. ಟೀ ಆರಿಹೋಯಿತು.

ಅವರು ನಿವೃತ್ತ ನರ್ಸು. ಊರಿಗೆಲ್ಲ ನರ್ಸಮ್ಮ, ನನಗೂ ನರ್ಸಮ್ಮ. ತುರುವೇಕೆರೆಗೂ ಚಿಕ್ಕನಾಯಕನಹಳ್ಳಿಗೂ ನಡುವಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದವರು. ಮೊದಲು ಬಸ್ಸಿನಲ್ಲಿ ಓಡಾಡಿ, ಆಮೇಲೆ ಹಸಿರು ಮೊಪೆಡ್ಡಿನಲ್ಲಿ. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ನಾನು ಪಕ್ಕದ ಬಾಡಿಗೆ ಮನೆಯವನು. ತಿಪಟೂರಿನ ಒಂದು ಕಾಲೇಜಿನ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಬರುವುದು ಸಂಜೆ ಏಳಕ್ಕೆ. ಮದುವೆಯಾಗಿತ್ತು, ಎರಡೇ ವರ್ಷಕ್ಕೆ ಮುರಿಯಿತು. ಅದರ ಕಥೆ ಇಲ್ಲಿ ಬೇಡ. ಆ ದಿನಗಳಲ್ಲಿ ನನ್ನನ್ನು ಮಾತಾಡಿಸುತ್ತಿದ್ದವರು ಇಬ್ಬರೇ: ‘ಒಳಗೆ ನಡೀರ್ರೀ’ ಅನ್ನುವ ಬಸ್ ಕಂಡಕ್ಟರ್ ಮತ್ತು ‘ಉಂಡ್ಯೇನಪ್ಪಾ’ ಅನ್ನುವ ನರ್ಸಮ್ಮ.

ಒಂದು ಭಾನುವಾರ ಅವರು ಫೋನ್ ಹಿಡಿದುಕೊಂಡು ಬಂದರು. ತಾವು ಕಂಡ ಹೆರಿಗೆಗಳ ಬಗ್ಗೆ ಬರೆಯಲು ಶುರುಮಾಡಿದ್ದರು. ಬಟ್ಟೆ ಸಿಗದೆ ಮಾವನ ರುಮಾಲು ಬಿಚ್ಚಿಸಿ ಮಗುವನ್ನು ಸುತ್ತಿದ್ದು, ಹೆಣ್ಣು ಅಂದ ತಕ್ಷಣ ಎದ್ದು ಹೋದ ಅತ್ತೆಯನ್ನು ಕೈ ಹಿಡಿದು ಎಳೆತಂದು ಕೂರಿಸಿದ್ದು, ಇಂಥವು. ಯಾರೋ ಒಂದು ಪುಕ್ಕಟೆ ಬ್ಲಾಗು ಮಾಡಿಕೊಟ್ಟಿದ್ದರು.

"ನೋಡಪ್ಪ ಇಲ್ಲಿ, ನನ್ನ ಬಾಣಂತಿ ಪಕ್ದಲ್ಲೇ ಯಾವಳೋ ಸೋಪು ಹಿಡ್ಕಂಡು ಹಲ್ಲು ಕಿರೀತಾವ್ಳೆ. ಇವಳನ್ನ ಆಚೆ ಕಳ್ಸಾಕಾಯ್ತದಾ?"

ಜಾಹೀರಾತನ್ನು ಆಚೆ ಕಳಿಸುವುದು ನನ್ನ ಕೈಯಲ್ಲಿರಲಿಲ್ಲ. ಬೇರೆ ಮನೆಯನ್ನೇ ಕಟ್ಟಿಕೊಡುತ್ತೇನೆ ಅಂದೆ.

ಹಾಗೆ ಬರೆದದ್ದು ಆ ಪ್ರೋಗ್ರಾಮು. ದೊಡ್ಡದೇನಲ್ಲ, ನೂರೈವತ್ತು ಸಾಲು. ಅಕ್ಕಿ ಹಾಕಿದರೆ ಹಿಟ್ಟು ಬೀಳುವ ಗಿರಣಿಯ ಹಾಗೆ, ಒಂದು ಕಡೆ ಸಾದಾ ಬರಹದ ಫೈಲು ಕೊಟ್ಟರೆ ಇನ್ನೊಂದು ಕಡೆ ವೆಬ್ ಪುಟ ಬರುತ್ತಿತ್ತು. ಲಾಗಿನ್ ಇಲ್ಲ, ಡೇಟಾಬೇಸ್ ಇಲ್ಲ, ಸೋಪಿನವಳೂ ಇಲ್ಲ. ಬಿಳಿ ಪುಟ, ಕಪ್ಪು ಅಕ್ಷರ. ಬರೆಯುವ ಕ್ರಮಕ್ಕೆ ಮಾರ್ಕ್‌ಡೌನ್ ಅನ್ನುತ್ತಾರೆ. ತಲೆಬರಹದ ಮುಂದೆ ಒಂದು ಹ್ಯಾಶ್ ಗುರುತು (#), ಒತ್ತಿ ಹೇಳುವ ಮಾತಿನ ಎರಡು ಬದಿಗೂ ನಕ್ಷತ್ರ, ಪ್ಯಾರಾ ಮುಗಿದರೆ ಒಂದು ಸಾಲು ಖಾಲಿ. ಅಷ್ಟೇ ಅದರ ವಿದ್ಯೆ. ನರ್ಸಮ್ಮ ಒಂದೇ ವಾರದಲ್ಲಿ ಕಲಿತರು. ಆದರೆ ಬಾಣಂತಿಯರ ಹೆಸರು ಹೇಳಬಾರದೆಂದು ಹೆಸರಿದ್ದಲ್ಲೆಲ್ಲ ಒಂದೊಂದು ನಕ್ಷತ್ರ ಹಾಕಿಬಿಟ್ಟಿದ್ದರು. ಎರಡು ನಕ್ಷತ್ರಗಳ ನಡುವೆ ಸಿಕ್ಕಿದ್ದೆಲ್ಲ ಓರೆಯಾದ ಅಕ್ಷರವಾಗಿ ಬಂತು. "ಇದ್ಯಾಕಪ್ಪ, ನನ್ನ ಅಕ್ಸರ ಎಲ್ಲಾ ಹೆಂಡ ಕುಡ್ದಂಗೆ ವಾಲ್ಕಂಡವೆ?" ಅಂದರು. ಎಷ್ಟೋ ದಿನಗಳ ಮೇಲೆ ನಾನು ಗಟ್ಟಿಯಾಗಿ ನಕ್ಕಿದ್ದು ಆವತ್ತು.

ಆಮೇಲೆ ಒಂದು ಷರತ್ತು ಹಾಕಿದರು. ಬರೆದದ್ದು ಆವತ್ತೇ ಹೊರಗೆ ಹೋಗಬಾರದು, ಹನ್ನೊಂದು ತಿಂಗಳು ಕಾಯಬೇಕು. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರು ಕಾಯನ್ನು ಸಿಪ್ಪೆ ಸಮೇತ ಅಟ್ಟದಲ್ಲಿ ಅಷ್ಟು ದಿನ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದರೆ ಒಳಗೆ ಉಂಡೆ ಉರುಳಿದ ಸದ್ದು ಬರಬೇಕು. ಆಗಲೇ ಒಡೆಯುವುದು.

"ಹಸಿ ಕಾಯಿ ಒಡುದ್ರೆ ಚಟ್ನಿ ಆಯ್ತದೆ, ಕೊಬ್ರಿ ಆಗಲ್ಲ ಕಣಪ್ಪ. ಬರ್ದಿದ್ದೂ ಅಂಗೇಯ. ಸಿಟ್ಟಲ್ಲಿ ಬರ್ದಿರ್ತೀನಿ, ಅಳ್ತಾ ಬರ್ದಿರ್ತೀನಿ. ನೀರು ಇಂಗ್ಲಿ. ಅಲ್ಲೀಗಂಟ ನೀನೂ ತೆಗ್ದು ನೋಡಂಗಿಲ್ಲ."

ನಾನು ಮಾತು ಕೊಟ್ಟೆ. ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದೆ: ಬರೆದ ದಿನದಿಂದ ಹನ್ನೊಂದು ತಿಂಗಳು ತುಂಬಿಲ್ಲದಿದ್ದರೆ ಈ ಫೈಲನ್ನು ಬಿಟ್ಟು ಮುಂದೆ ಹೋಗು. ಅವರು ಫೋನಿನಲ್ಲಿ ಬರೆದು ಮುಗಿಸಿದರೆ ಫೈಲು ತಾನಾಗಿಯೇ ನನ್ನ ಕಂಪ್ಯೂಟರಿಗೆ ಬಂದು ಬೀಳುತ್ತಿತ್ತು, ಹೆಸರಿನ ಜಾಗದಲ್ಲಿ ತಾರೀಖು ಮಾತ್ರ. ಅವಧಿ ತುಂಬಿದ್ದನ್ನು ಭಾನುವಾರ ಬೆಳಿಗ್ಗೆ ಓದಿ ಹೇಳುತ್ತಿದ್ದೆ. ಅವರು ಸೊಪ್ಪು ಬಿಡಿಸುತ್ತಾ ಕೇಳಿ ‘ಹಾಕು’ ಅನ್ನುತ್ತಿದ್ದರು, ಇಲ್ಲವೇ ‘ಬುಡು, ಇದು ಕೊಳ್ತೋಗೈತೆ’ ಅನ್ನುತ್ತಿದ್ದರು. ಒಮ್ಮೆ, ಹಿಂದೆ ತಮ್ಮನ್ನು ಎಲ್ಲರೆದುರು ಗದರಿಸಿದ ಡಾಕ್ಟರೊಬ್ಬರ ಬಗ್ಗೆ ಉರಿದುಕೊಂಡು ಬರೆದಿದ್ದರು. ಓದಿ ಮುಗಿಸಿದಾಗ, "ಆವಪ್ಪಾನೂ ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ ಕಣಪ್ಪ, ಬುಡು" ಅಂದರು. ಅಳಿಸಿದೆ. ಮೂರು ವರ್ಷ ಹೀಗೆ ನಡೆಯಿತು. ಓದುವವರು ಐವತ್ತು ಜನವೂ ಇರಲಿಲ್ಲ, ಆದರೆ ಭಾನುವಾರ ಬರಲಿ ಅಂತ ನಾನು ಕಾಯುತ್ತಿದ್ದದ್ದು ಆ ಮೂರು ವರ್ಷ ಮಾತ್ರ...

ಹೋದ ವರ್ಷ ಯುಗಾದಿ ಕಳೆದ ಮೇಲೆ ಅಮ್ಮಸಂದ್ರದಲ್ಲಿ ಅವರ ತಂಗಿಯ ಮೊಮ್ಮಗುವಿನ ನಾಮಕರಣವಿತ್ತು. ನರ್ಸಮ್ಮ ಹೊಸ ಸೀರೆ ಉಟ್ಟು ಹೋದರು. ತೊಟ್ಟಿಲಿಗೆ ಕೈ ಚಾಚಿದಾಗ ತಂಗಿ ಎಲ್ಲರ ಮುಂದೆ, "ಮಕ್ಳಾಗದೋರು ತೊಟ್ಲು ಮುಟ್ಟಾದು ಬ್ಯಾಡ, ಸುಮ್ನಿರಕ್ಕ" ಅಂದುಬಿಟ್ಟಳಂತೆ. ಎಷ್ಟು ಮಕ್ಕಳ ಹೊಕ್ಕುಳಬಳ್ಳಿ ಕತ್ತರಿಸಿದ ಕೈ ಅದು! ಮನೆಗೆ ಬಂದವರೇ ಅದನ್ನು ಬರೆದಿದ್ದಾರೆ. ಬರೆದು ಒಣಗಲು ಬಿಟ್ಟಿದ್ದಾರೆ. ನನಗೆ ಇದ್ಯಾವುದೂ ಗೊತ್ತಿರಲಿಲ್ಲ.

ಮಾರನೇ ದಿನ ನಾನು ಮಾಡಿದ ಘನಕಾರ್ಯ ಹೇಳುತ್ತೇನೆ. ಪುಟದ ಅಕ್ಷರ ದೊಡ್ಡದು ಮಾಡಲು ಹೊರಟಿದ್ದೆ. ಎಲ್ಲ ಫೈಲಿನಲ್ಲೂ ಸರಿಯಾಗಿ ಕಾಣುತ್ತದೆಯೇ ಎಂದು ಪರೀಕ್ಷಿಸಲು ಆ ಹನ್ನೊಂದು ತಿಂಗಳ ಸಾಲನ್ನು ಒಂದು ಗಳಿಗೆ ತೆಗೆದಿಟ್ಟೆ. ಬಸ್ಸಿನ ಹೊತ್ತಾಗಿತ್ತು. ಸಾಲನ್ನು ವಾಪಸ್ ಹಾಕುವುದು ಮರೆತು, ಪ್ರಕಟಿಸುವ ಗುಂಡಿ ಒತ್ತಿ ಓಡಿದೆ. ಕಾಯುತ್ತಿದ್ದ ನಲವತ್ತಕ್ಕೂ ಹೆಚ್ಚು ಬರಹಗಳು ಬೀದಿಗೆ ಬಿದ್ದವು, ಎಲ್ಲಕ್ಕಿಂತ ಮೇಲೆ ತೊಟ್ಟಿಲಿನದು. ತಂಗಿಯ ಸೊಸೆ ನೋಡಿದ್ದಾಳೆ, ಅದು ನೆಂಟರ ವಾಟ್ಸ್ಯಾಪ್ ಗುಂಪಿಗೆಲ್ಲ ಹೋಗಿದೆ, ತಂಗಿ ಫೋನ್ ಮಾಡಿ ‘ನನ್ನ ಪಾಲಿಗೆ ನೀನು ಸತ್ತೆ’ ಅಂದು ಇಟ್ಟಿದ್ದಾಳೆ.

ಸಂಜೆ ನಾನು ಬಂದಾಗ ನರ್ಸಮ್ಮ ಕಾಂಪೌಂಡು ಗೋಡೆಯ ಆಚೆ ನಿಂತಿದ್ದರು. ನಡೆದದ್ದನ್ನೆಲ್ಲ ಹೇಳಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಮಾತು ಆಡುದ್ರೆ ಹೋಯ್ತು, ಮುತ್ತು ಒಡುದ್ರೆ ಹೋಯ್ತು. ನಂಗೆ ಅಂತ ಇದ್ದೋಳು ಒಬ್ಳು ತಂಗಿ, ಅವಳ್ನೂ ಕಳ್ದುಬುಟ್ಟೆ. ನಿನ್ನ ಮುಖ ತೋರುಸ್ಬ್ಯಾಡ ಹೋಗು."

ಒಳಗೆ ಹೋಗಿ ಅವಧಿ ತುಂಬದ ಬರಹಗಳನ್ನೆಲ್ಲ ಪುಟದಿಂದ ತೆಗೆದು, ಆ ಸಾಲನ್ನು ವಾಪಸ್ ಹಾಕಿದೆ.

ಮಾರನೇ ದಿನವೇ ಹೋಗಿ ಕಾಲಿಗೆ ಬೀಳಬೇಕಿತ್ತು. ಬುದ್ಧಿಯಿದ್ದ ಯಾರೇ ಆದರೂ ಅದನ್ನೇ ಮಾಡುತ್ತಿದ್ದರು. ನಾನು ಅತಿ ಬುದ್ಧಿವಂತ ನೋಡಿ, ಅವರು ಕಲಿಸಿದ ಪಾಠವನ್ನು ಅವರಿಗೇ ಒಪ್ಪಿಸಿದೆ. ಸಿಟ್ಟು ಹಸಿಯಾಗಿದೆ, ಇಂಗಲಿ, ಒಂದಷ್ಟು ತಿಂಗಳು ಹೋಗಲಿ, ಆಮೇಲೆ ಹೋದರಾಯಿತು ಅಂದುಕೊಂಡೆ. ಥೂ, ಅದಕ್ಕೆ ಬುದ್ಧಿ ಅನ್ನುವುದಿಲ್ಲ, ಹೇಡಿತನ ಅನ್ನುತ್ತಾರೆ. ಹಿತ್ತಿಲ ಬಾಗಿಲಿನಿಂದ ಓಡಾಡುವುದು ರೂಢಿಯಾಯಿತು. ಭಾನುವಾರ ಬಂದರೆ ಮನೆಯಲ್ಲಿರಲಾಗದೆ ಸುಮ್ಮನೆ ಬಸ್ಸು ಹತ್ತಿ ತಿಪಟೂರಿಗೆ ಹೋಗಿ, ಮುಚ್ಚಿದ ಕಾಲೇಜಿನ ಮುಂದೆ ನಿಂತು ವಾಪಸ್ ಬರುತ್ತಿದ್ದೆ.

ಫೈಲುಗಳು ಮಾತ್ರ ವಾರಕ್ಕೊಂದರಂತೆ ಬಂದು ಬೀಳುತ್ತಲೇ ಇದ್ದವು. ಅದನ್ನು ನಿಲ್ಲಿಸುವುದು ಅವರಿಗೆ ಗೊತ್ತಿಲ್ಲ, ಅದಕ್ಕೇ ಬರುತ್ತಿವೆ ಅಂದುಕೊಂಡೆ. ತೆಗೆದು ನೋಡಲಿಲ್ಲ, ಮಾತು ಕೊಟ್ಟಿದ್ದೆನಲ್ಲ. ಬರೆಯುತ್ತಿದ್ದಾರೆ, ಅಂದರೆ ಚೆನ್ನಾಗಿದ್ದಾರೆ, ಅಷ್ಟು ಸಾಕು... ನಾಲ್ಕು ತಿಂಗಳು ಹೀಗೇ ಹೋಯಿತು. ಶ್ರಾವಣದ ಮೊದಲ ವಾರ ನಾನು ಕಾಲೇಜಿನಲ್ಲಿದ್ದಾಗ ಮನೆ ಮಾಲೀಕರು ಫೋನ್ ಮಾಡಿದರು. ನರ್ಸಮ್ಮ ಬೆಳಿಗ್ಗೆ ಎದೆನೋವು ಅಂದರಂತೆ. ತುಮಕೂರಿಗೆ ಕರೆದೊಯ್ಯುವ ದಾರಿಯಲ್ಲೇ ಪ್ರಾಣ ಹೋಯಿತಂತೆ.

ನಾನು ಬಂದು ನೋಡಿದಾಗ ಆ ತಂಗಿ ಹೆಣದ ತಲೆಯ ಹತ್ತಿರ ಕೂತು ಅಳುತ್ತಿದ್ದಳು. ನನ್ನನ್ನು ಕಂಡು ಎದ್ದು ಬರಲು ಹೊರಟಳು. ನಾಲ್ಕು ಜನರ ಮುಂದೆ ಬೈಯುತ್ತಾಳೆ ಅಂದುಕೊಂಡು ಹಿಂದಕ್ಕೆ ಸರಿದು, ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಮಣ್ಣಿಗೂ ಹೋಗಲಿಲ್ಲ.

ನರ್ಸಮ್ಮ ಹೋದ ಮೇಲೂ ಅವರ ಬರಹ ನಿಲ್ಲಲಿಲ್ಲ. ಹನ್ನೊಂದು ತಿಂಗಳ ಹಿಂದಿನದು ವಾರಕ್ಕೊಂದರಂತೆ ಅವಧಿ ತುಂಬಿ ಹೊರಗೆ ಬರುತ್ತಿತ್ತು. ‘ಹಾಕು’ ಅನ್ನಲು, ‘ಬುಡು’ ಅನ್ನಲು ಅವರಿರಲಿಲ್ಲ. ಜಗಳದ ನಂತರ ಬರೆದ ಹದಿನಾರು ಫೈಲುಗಳು ಸರದಿಯಲ್ಲಿದ್ದವು. ಅವರು ನನ್ನನ್ನು ಕ್ಷಮಿಸಿ ಹೋದರೋ ಕ್ಷಮಿಸದೆ ಹೋದರೋ, ಅದು ಆ ಹದಿನಾರರಲ್ಲಿ ಎಲ್ಲೋ ಇದೆ ಎಂದು ನನಗೆ ಗೊತ್ತಿತ್ತು. ಒಂದೇ ಏಟಿಗೆ ತೆಗೆದು ಓದಬಹುದಿತ್ತು. ಓದಲಿಲ್ಲ. ಕೊಟ್ಟ ಮಾತಿಗೆ ನಿಷ್ಠೆ ಅಂತ ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ ಭಯ.

ಈ ವರ್ಷ ಫಾಲ್ಗುಣದಲ್ಲಿ ತೊಟ್ಟಿಲಿನ ಬರಹದ ಸರದಿ ಬಂತು. ಅದೊಂದನ್ನು ಹಾಕಲಿಲ್ಲ. ಮುಂದಿನ ವಾರದ್ದು ಪೂರ್ತಿ ನನ್ನ ಮೇಲೆ. ‘ಕಂಪ್ಯೂಟರ್ ಕಲಿತ ಕತ್ತೆ’ ಅಂತ ತಲೆಬರಹ, ಮುಂದೆ ಹ್ಯಾಶ್ ಸರಿಯಾಗಿ ಹಾಕಿ! ಎರಡು ಪುಟ ಬೈದಿದ್ದರು. ಹಾಕಿದೆ. ಅದರ ಮುಂದಿನದರಲ್ಲಿ ನನ್ನ ಸುದ್ದಿಯೇ ಇರಲಿಲ್ಲ. ಆಮೇಲಿನ ಫೈಲಿನಲ್ಲಿ ಹೀಗಿತ್ತು:

‘ಇವತ್ತು ತಂಗಿ ಬಂದಿದ್ದಳು. ಬಾಗಿಲಲ್ಲೇ ನಿಂತು ಅತ್ತಳು. ನೀನು ಬರೆದದ್ದನ್ನು ನಾಲ್ಕು ಸಲ ಓದಿಸಿಕೊಂಡೆ ಅಕ್ಕ, ನಾನು ಅಂದದ್ದು ನಿನಗೆ ಅಷ್ಟು ತಾಗಿದೆ ಅಂತ ನನಗೆ ಹೊಳೆಯಲೇ ಇಲ್ಲ ಅಂದಳು. ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಆ ಕತ್ತೆ ತಪ್ಪು ಮಾಡದಿದ್ದರೆ ನಾನು ಅದನ್ನು ಸುಮ್ಮನೆ ಅಳಿಸಿಬಿಡುತ್ತಿದ್ದೆ, ಇವಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಅವನಿಗೆ ಹೇಳಬೇಕು. ಇವತ್ತೂ ಬರಲಿಲ್ಲ.’

ಕುರ್ಚಿಯಿಂದ ಎದ್ದು ಗೋಡೆಯವರೆಗೂ ಹೋದೆ. ಆಚೆ ಬೀಗ ಹಾಕಿದ ಮನೆ...

ಆಮೇಲೆ ಪ್ರತಿ ವಾರವೂ ಅಷ್ಟೇ. ಬರಹ ಹುಣಸೆಹಣ್ಣಿನ ಬಗ್ಗೆ ಇರಲಿ, ಕೆಂಕೆರೆಯ ಅವಳಿ ಮಕ್ಕಳ ಬಗ್ಗೆ ಇರಲಿ, ಕೊನೆಗೆ ಒಂದು ಸಾಲು ಖಾಲಿ ಬಿಟ್ಟು ‘ಪಕ್ಕದವನು ಈ ವಾರವೂ ಬರಲಿಲ್ಲ’ ಅಂತ ಇರುತ್ತಿತ್ತು. ಒಂದರಲ್ಲಿ, ‘ನಾನೇ ಕರೆಯಲೇ? ಊಹೂಂ. ಮುಖ ತೋರಿಸಬೇಡ ಅಂದವಳು ನಾನು, ಯಾವ ಬಾಯಲ್ಲಿ ಕರೆಯಲಿ. ತಪ್ಪು ಮಾಡಿದವನು ಬರಲಿ.’ ಇನ್ನೊಂದರಲ್ಲಿ, ‘ಅವನ ಮನೆಯ ಕುಕ್ಕರ್ ಕೂಗಿತು. ಅಡುಗೆ ಮಾಡಿಕೊಳ್ಳುತ್ತಿದ್ದಾನೆ, ಸದ್ಯ.’ ಎಲ್ಲವನ್ನೂ ಹಾಗ್ಹಾಗೇ ಪ್ರಕಟಿಸಿದೆ, ಒಂದಕ್ಷರ ತಿದ್ದಲಿಲ್ಲ. ಅವರು ಮೂರು ವಾರಕ್ಕೇ ಕ್ಷಮಿಸಿದ್ದರು. ನಾನು ಗೋಡೆಯ ಈಚೆ ಕೂತು, ಸಿಟ್ಟು ಇಂಗಲಿ ಅಂತ ಕಾಯುತ್ತಿದ್ದೆ.

ಇವತ್ತಿನದು ಕೊನೆಯ ಫೈಲು, ಅವರು ಹೋಗುವುದಕ್ಕೆ ಎರಡು ದಿನ ಮುಂಚಿನದು. ತಲೆಬರಹವಿಲ್ಲ. ಇರುವುದು ಇಷ್ಟೇ:

‘ಸಂಜೆ ಗೋಡೆ ಹತ್ತಿರ ಹೋಗಿ ನಿಂತೆ. ಹೆಸರು ಹಿಡಿದು ಕೂಗಲು ಬಾಯಿ ಬರಲಿಲ್ಲ, ಎರಡು ಸಲ ಕೆಮ್ಮಿದೆ. ಅವನ ಕೋಣೆಯ ದೀಪ ಆರಿತು. ಮಲಗಿದನೇನೋ ಪಾಪ, ದಣಿದಿರುತ್ತಾನೆ.’

ಅದನ್ನೂ ಪ್ರಕಟಿಸಿದೆ. ಇನ್ನು ಬರಬೇಕಾದ ಫೈಲು ಒಂದೂ ಇಲ್ಲ. ಈ ನಾಲ್ಕು ಮಾತು ಪುಟದ ಮೇಲ್ಭಾಗದಲ್ಲಿದೆ, ಇನ್ನು ಅಲ್ಲೇ ಇರುತ್ತದೆ. ಓದಿದವರು ಪಕ್ಕದವನು ಮಲಗಿದ್ದನೆಂದೇ ತಿಳಿಯುತ್ತಾರೆ. ನಾನು ಮಲಗಿರಲಿಲ್ಲ. ಆಗಿನ್ನೂ ಏಳೂವರೆ ಗಂಟೆ, ಉಂಡಿರಲೂ ಇಲ್ಲ. ಆ ಕೆಮ್ಮು ನನಗೆ ಕೇಳಿಸಿತ್ತು. ಕೇಳಿಸಿಯೇ ದೀಪ ಆರಿಸಿದ್ದೆ.