ಎದುರು ಮನೆ ಗೋಡೆ ಮತ್ತು ನನ್ನ ಹೆಡ್‌ಲೈಟು

ನಾನು ಕಾರು ಕಲಿಯುವಷ್ಟರಲ್ಲಿ ನಲವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಕಲಿತವರಿಗೆ ರಸ್ತೆಯಲ್ಲಿ ಏನೇ ಎಡವಟ್ಟಾದರೂ ತಪ್ಪು ನಮ್ಮದೇ ಇರಬೇಕು ಎಂಬ ಅನುಮಾನ. ಹಿಂದೆ ಯಾರೋ ಇನ್ಯಾರಿಗೋ ಹಾರ್ನ್ ಹೊಡೆದರೂ ಬೆಚ್ಚಿಬಿದ್ದು ಗೇರ್ ನೋಡಿಕೊಳ್ಳುತ್ತಿದ್ದೆ. ಮನೆಯಲ್ಲಿ ಮಾತ್ರ ಈ ವಿನಯ ನನಗಿಲ್ಲ. ಅಲ್ಲಿ ತಪ್ಪು ಯಾರದಾದರೂ ಮೊದಲು ಕೂಗಾಡುವವಳು ನಾನೇ.

ನನ್ನ ಕೆಲಸ ಅತ್ತಿಬೆಲೆಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ. ಮನೆ ಚಂದಾಪುರದ ಒಳಗೆ, ಒಂದು ಕಾಲಕ್ಕೆ ರಾಗಿ ಹೊಲವಾಗಿದ್ದ ಲೇಔಟಿನಲ್ಲಿ. ನಮ್ಮ ಯಜಮಾನರು ಎಲೆಕ್ಟ್ರಾನಿಕ್ ಸಿಟಿಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುವುದರಿಂದ ಹಳೇ ಕಾರು ನನ್ನ ಪಾಲಿಗೆ ಬಂದಿತ್ತು. ಹೆದ್ದಾರಿಯಲ್ಲಿ ಲಾರಿಗಳ ಜೊತೆ ಗುದ್ದಾಡುವುದು ಬೇಡವೆಂದು ಊರೊಳಗಿನ ಕಿರಿದಾದ ರಸ್ತೆ ಹಿಡಿಯುತ್ತಿದ್ದೆ. ಸ್ಟೋರ್ಸಿನಲ್ಲಿ ದಿನವಿಡೀ ಮೇಡಂ ಮೇಡಂ, ಮನೆಗೆ ಬಂದರೆ ಅಮ್ಮ ಅಮ್ಮ. ನಡುವಿನ ಆ ದಾರಿಯಲ್ಲಿ ನನ್ನನ್ನು ಯಾರೂ ಯಾವುದಕ್ಕೂ ಕರೆಯುತ್ತಿರಲಿಲ್ಲ. ಗಾಜು ಏರಿಸಿ ಗಂಟಲು ಬಿಟ್ಟು ಹಾಡು ಹೇಳಿಕೊಳ್ಳುತ್ತಿದ್ದೆ. ಶ್ರುತಿ ತಪ್ಪಿದರೆ ಕೇಳುವವರಿಲ್ಲ. ಇಡೀ ದಿನದಲ್ಲಿ ನನಗೇ ಅಂತ ಇದ್ದದ್ದು ಅದೊಂದು ಹೊತ್ತು.

ಬರುವಾಗ ಒಂದು ಕೆಲಸವಿರುತ್ತಿತ್ತು. ಮನೆಮನೆಗೆ ಕ್ಯಾನ್ ನೀರು ಹಾಕುತ್ತಿದ್ದವನು ಆ ವರ್ಷ ಬೇರೆ ಕೆಲಸ ಸಿಕ್ಕಿತೆಂದು ಹೊರಟುಹೋದ. ನಮ್ಮ ಲೇಔಟಿಗೆ ಬರುವುದು ಟ್ಯಾಂಕರ್ ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಇನ್ನು ಕುಡಿಯುವುದು ದೂರದ ಮಾತು. ಹಾಗಾಗಿ ದಾರಿಯಲ್ಲಿರುವ ಫಿಲ್ಟರ್ ನೀರಿನ ಘಟಕದಲ್ಲಿ ನಿಲ್ಲಿಸಿ ಆರು ಕ್ಯಾನ್ ತುಂಬಿಸಿಕೊಂಡು, ಡಿಕ್ಕಿಯಲ್ಲಿಟ್ಟು ತರುತ್ತಿದ್ದೆ. ನಾಲ್ಕು ನಮಗೆ, ಎರಡು ಎದುರು ಮನೆ ಅಜ್ಜಿಗೆ. ಈ ಲೇಔಟ್ ಆಗಿರುವ ಹೊಲ ಹಿಂದೆ ಅಜ್ಜಿಯ ಮನೆಯವರದೇ. ಈಗ ಅವರಿಗೂ ನಾನೇ ನೀರಿನವಳು.

ದಸರಾ ಕಳೆದು ಬೇಗ ಕತ್ತಲಾಗತೊಡಗಿತು. ಆವಾಗ ಶುರುವಾಯಿತು ನೋಡಿ. ಎದುರಿಗೆ ಬರುವ ಪ್ರತಿಯೊಬ್ಬರೂ ನನಗೆ ಲೈಟ್ ಹೊಡೆಯುವವರೇ. ಮೊದಲ ದಿನ, ಮುಂದೆ ಪೊಲೀಸರು ಹಿಡಿಯುತ್ತಿದ್ದಾರೆ ಎಂದು ಎಚ್ಚರಿಸುತ್ತಿದ್ದಾರೆ ಅಂದುಕೊಂಡೆ. ಎಂಥ ಒಳ್ಳೇ ಜನ ಎಂದು ಖುಷಿಯೂ ಆಯಿತು. ಪೊಲೀಸರು ಸಿಗಲಿಲ್ಲ. ಎರಡನೇ ದಿನ ಬಾಗಿಲು ಸರಿಯಾಗಿ ಹಾಕಿಲ್ಲವೇನೋ ಎಂದು ಇಳಿದು ನಾಲ್ಕೂ ಬಾಗಿಲು ಬಡಿದು ಬಂದೆ. ದುಪಟ್ಟಾ ಹೊರಗೆ ಸಿಕ್ಕಿಕೊಂಡಿದೆಯಾ ಎಂದು ನೋಡಿದೆ. ಕೊನೆಗೊಬ್ಬ ಆಟೋದವನು ನನ್ನ ಪಕ್ಕಕ್ಕೇ ತಂದು ನಿಲ್ಲಿಸಿದ.

"ಅಕ್ಕಾ, ಹೈಬೀಮ್ ಇಳ್ಸಿ ಅಕ್ಕಾ! ಕಣ್ಣೇ ಕಾಣ್ತಿಲ್ಲ."

"ಹೈಬೀಮ್ ಹಾಕೇ ಇಲ್ಲ ಕಣಪ್ಪಾ. ಇದು ನೋಡು, ಹೈಬೀಮ್ ಅಂದ್ರೆ ಇದು" ಎಂದು ಹಾಕಿ ತೋರಿಸಿದೆ. ಎದುರಿನಿಂದ ಬರುತ್ತಿದ್ದ ಬೈಕಿನವನೊಬ್ಬ ಕೈಯಿಂದ ಮುಖ ಮುಚ್ಚಿಕೊಂಡು ಮೋರಿಯ ಪಕ್ಕಕ್ಕೆ ಹೋಗಿಬಿಟ್ಟ. "ಆಯ್ತು ಅಕ್ಕಾ, ಆಯ್ತು, ಮೊದಲಿಂದೇ ವಾಸಿ" ಎಂದು ಆಟೋದವನು ಹೊರಟುಹೋದ.

ಮನೆಗೆ ಬಂದು ಹೇಳಿದರೆ ಯಜಮಾನರು ಚಪಾತಿ ಮುರಿಯುವುದನ್ನೂ ನಿಲ್ಲಿಸದೆ ತೀರ್ಪು ಕೊಟ್ಟರು. "ನೀನು ರಸ್ತೆ ಮಧ್ಯಕ್ಕೆ ಎಳೀತೀಯ ಕಣೇ. ಅದಕ್ಕೇ ಎದುರಿನವ್ರು ಲೈಟ್ ಹೊಡಿಯೋದು."

"ಲೈಟಲ್ಲೇ ಏನೋ ಐಬಿದೆ ಕಣ್ರೀ."

"ಲೈಟಿಗೇನಾಗತ್ತೆ? ಲೈಟ್ ಏನು ಸ್ಟೇರಿಂಗ್ ಹಿಡಿಯತ್ತಾ?"

ನನಗೆ ಕಾರು ಕಲಿಸಿದ್ದು ಇವರೇ. ಆ ಮಾತು ಆಗ ಅವರಿಗೆ ನೆನಪಿರಲಿಲ್ಲ. ಆಮೇಲೆ ದನಿ ತಗ್ಗಿಸಿ, ನಿಜವಾದ ಕಾಳಜಿಯಿಂದಲೇ, ಕತ್ತಲಾದ ಮೇಲೆ ನಾನು ಓಡಿಸುವುದು ಬೇಡವೆಂದರು. "ಫ್ಯಾಕ್ಟರಿ ಬಸ್ಸಲ್ಲಿ ಬಂದ್ಬಿಡು. ನೀರು ನಾನು ತರ್ತೀನಿ." ಜಗಳದ ದನಿಯಲ್ಲಿ ಹೇಳಿದ್ದರೆ ಜಗಳವಾಡಬಹುದಿತ್ತು. ಕಾಳಜಿಗೆ ಏನು ಉತ್ತರ ಕೊಡುವುದು? ಭಾನುವಾರದವರೆಗೆ ಸಮಯ ಕೊಡಿ, ನಾನೇ ಲೈಟ್ ಸರಿಮಾಡುತ್ತೇನೆ, ಆಮೇಲೂ ಹೀಗೇ ಆದರೆ ಕೀ ನಿಮ್ಮ ಕೈಗೆ ಕೊಡುತ್ತೇನೆ ಎಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ಹೀಗೆಯೇ, ನನಗಿಂತ ಒಂದು ಹೆಜ್ಜೆ ಮುಂದೆ.

ಯೂಟ್ಯೂಬಿನಲ್ಲಿ ಒಬ್ಬ ಬಿಳಿ ದೊರೆ ಎಲ್ಲವನ್ನೂ ವಿವರಿಸಿದ್ದ. ಕಾರನ್ನು ಸಮತಟ್ಟಾದ ನೆಲದಲ್ಲಿ, ಗೋಡೆಗೆ ಎದುರಾಗಿ, ಇಪ್ಪತ್ತೈದು ಅಡಿ ದೂರದಲ್ಲಿ ನಿಲ್ಲಿಸಬೇಕು. ಟೈರಿನ ಗಾಳಿ ಸರಿಯಿರಬೇಕು. ಡಿಕ್ಕಿ ಖಾಲಿ ಇರಬೇಕು. ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಬೇಕು. ಹೆಡ್‌ಲೈಟಿನ ನಡುಭಾಗ ನೆಲದಿಂದ ಎಷ್ಟು ಎತ್ತರವಿದೆಯೋ ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಪಟ್ಟಿ ಅಂಟಿಸಬೇಕು. ಬೆಳಕಿನ ಮೇಲಂಚು ಆ ಪಟ್ಟಿಗಿಂತ ಸ್ವಲ್ಪ ಕೆಳಗೆ ಬೀಳುವ ಹಾಗೆ ಲೈಟಿನ ಹಿಂದಿನ ಸ್ಕ್ರೂ ತಿರುಗಿಸಬೇಕು. ನಮ್ಮ ಪೋರ್ಟಿಕೋ ಕಟ್ಟಿದ ಮೇಸ್ತ್ರಿ ಇಳಿಜಾರು ಕೊಡುವುದನ್ನೇ ಮರೆತದ್ದರಿಂದ ಮಳೆ ನೀರೆಲ್ಲ ಅಲ್ಲೇ ನಿಲ್ಲುತ್ತದೆ. ಹತ್ತು ವರ್ಷದಿಂದ ಅವನನ್ನು ಬೈಯುತ್ತಿದ್ದವಳು ಅವತ್ತು ಮನಸ್ಸಿನಲ್ಲೇ ಕ್ಷಮಿಸಿದೆ. ಕಾರನ್ನು ನಾವು ಯಾವಾಗಲೂ ರಿವರ್ಸ್‌ನಲ್ಲಿ ಒಳಗೆ ಹಾಕುವುದರಿಂದ ಅದರ ಮುಖ ರಸ್ತೆಯಾಚೆಗಿನ ಅಜ್ಜಿಯ ಕಾಂಪೌಂಡ್ ಗೋಡೆಗೇ ಇರುತ್ತದೆ.

ಭಾನುವಾರ ಮುಸ್ಸಂಜೆ ಬ್ಲೌಸ್ ಅಳತೆಯ ಟೇಪು, ಕರಿ ಇನ್ಸುಲೇಷನ್ ಪಟ್ಟಿ ಹಿಡಿದು ಗೋಡೆ ಹತ್ತಿರ ಹೋದೆ. ಹಬ್ಬಕ್ಕೆ ಅರಿಶಿನ ಬಣ್ಣ ಬಳಿಸಿದ್ದ ಗೋಡೆ. ಅಜ್ಜಿ ಜಗಲಿಯಿಂದಲೇ ಕೂಗಿದರು.

"ಏನವ್ವಾ ಅದು, ನನ್ ಗ್ವಾಡೆಗೆ ಕರಿ ಪಟ್ಟಿ ಅಂಟುಸ್ತಿದ್ದೀಯ? ದೃಷ್ಟಿಗಾ?"

"ಕಾರಿನ ಲೈಟ್ ಸರಿಮಾಡೋಕೆ ಅಜ್ಜಿ."

"ಕಾರು ಅಲ್ಲಿ ಅದೆ, ಪಟ್ಟಿ ಇಲ್ಲಿ ಅಂಟುಸ್ತೀಯಲ್ಲ!"

ವಿವರಿಸಿ ಹೇಳಿದ ಮೇಲೆ ಅಜ್ಜಿಗೆ ಉತ್ಸಾಹ ಬಂತು. ಸೀಟಿನಲ್ಲಿ ಒಬ್ಬರು ಕೂರಬೇಕಿತ್ತು. ಯಜಮಾನರು ಕ್ರಿಕೆಟ್ ನೋಡುತ್ತಿದ್ದರು. "ಅವ್ನ್ಯಾಕೆ, ನಾನೇ ಕುಂತ್ಕತೀನಿ ಬುಡು" ಎಂದು ಅಜ್ಜಿ ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟಿ ಬಂದೇಬಿಟ್ಟರು. ಡ್ರೈವರ್ ಸೀಟಿನಲ್ಲಿ ಕೂತು ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದರು. ಸುಮ್ಮನೆ ಕೂತಿದ್ದರೆ ಸಾಕು ಎಂದರೂ ಕೇಳಲಿಲ್ಲ. ರಸ್ತೆಯಲ್ಲಿ ಯಾರು ಹಾದುಹೋದರೂ ಹಾರ್ನ್ ಒತ್ತಿದರು. ಸೊಸೆ ಬಂದು ಕರೆದರೆ ಅವಳಿಗೂ ಹಾರ್ನ್ ಹೊಡೆದರು.

ನಾನು ವಿಡಿಯೊದವನು ಹೇಳಿದ ಹಾಗೆ ಡಿಕ್ಕಿಯಿಂದ ಖಾಲಿ ಕ್ಯಾನು, ಹಳೇ ಛತ್ರಿ, ಎಲ್ಲವನ್ನೂ ತೆಗೆದಿಟ್ಟಿದ್ದೆ. ಬಾನೆಟ್ ಎತ್ತಿ, ಒಂದು ಲೈಟಿಗೆ ಟವಲ್ ಹೊದಿಸಿ, ಇನ್ನೊಂದರ ಸ್ಕ್ರೂ ತಿರುಗಿಸಿದೆ. ಬಲಗಡೆಯದು ಒಂದು ಚೂರು ಮೇಲಿತ್ತು, ಇಳಿಸಿದೆ. ಎರಡೂ ಬೆಳಕು ಪಟ್ಟಿಯ ಕೆಳಗೆ ಒಂದೇ ಗೆರೆಯಲ್ಲಿ ನಿಂತವು. ನನ್ನ ಕೈಯಿಂದ ಇಷ್ಟು ಅಚ್ಚುಕಟ್ಟಾದ ಕೆಲಸ ಆದದ್ದು ಎಷ್ಟೋ ವರ್ಷವಾಗಿತ್ತು. ಪಟ್ಟಿ ಕೀಳಲು ಹೋದರೆ ಅಜ್ಜಿ ಬಿಡಲಿಲ್ಲ. "ಇರ್ಲಿ ಬುಡು, ಕಿತ್ರೆ ಬಣ್ಣನೂ ಎದ್ದು ಬತ್ತದೆ" ಎಂದು ಮನಸ್ಸಿಲ್ಲದ ಮನಸ್ಸಿನಿಂದ ಸೀಟಿನಿಂದ ಇಳಿದರು.

ಸೋಮವಾರ ಸಂಜೆ ಸ್ಟೋರ್ಸ್ ಮುಚ್ಚಿ, ನೀರು ತುಂಬಿಸಿಕೊಂಡು, ಹಾಡು ಹೇಳಿಕೊಂಡೇ ಹೊರಟೆ. ಘಟಕ ಬಿಟ್ಟು ನೂರು ಮಾರು ಬಂದಿಲ್ಲ, ಎದುರಿನ ಟೆಂಪೋದವನು ಲೈಟ್ ಹೊಡೆದ. ಅವನ ಹಿಂದಿನವನೂ ಹೊಡೆದ. ಒಬ್ಬ ಕಿಟಕಿಯಿಂದ ತಲೆ ಹೊರಹಾಕಿ, ನನಗೆ ಲೈಸೆನ್ಸ್ ಕೊಟ್ಟವನ ವಂಶವನ್ನೇ ವಿಚಾರಿಸಿದ. ಹಾಡು ನಿಂತುಹೋಯಿತು. ರಸ್ತೆಯ ಎಡತುದಿಗೆ ಅಂಟಿಕೊಂಡು ಓಡಿಸಿದೆ, ಆದರೂ ಹೊಡೆದರು. ಲೈಟ್ ಸರಿ ಇದೆ, ನಾನೇ ಕಣ್ಣಾರೆ ಕಂಡು ಸರಿಮಾಡಿದ್ದೇನೆ. ಹಾಗಾದರೆ ಇನ್ನು ಉಳಿದದ್ದು ನಾನು. ಇಷ್ಟು ದಿನ ಅದೊಂದು ಅನುಮಾನವಾಗಿತ್ತು, ಈಗ ಕೈಯಾರೆ ಸಾಕ್ಷಿ ಒದಗಿಸಿಕೊಂಡಿದ್ದೆ. ಮನೆಯ ತಿರುವಿನಲ್ಲಿ ಕಾರು ನಿಲ್ಲಿಸಿ ಅತ್ತೆ, ನಿಜವಾಗಿ ಅತ್ತೆ. ಕಣ್ಣೊರೆಸಿಕೊಂಡು, ಗೋಡೆಯ ಕಡೆಗೂ ನೋಡದೆ ಕಾರು ಒಳಗೆ ಹಾಕಿ, ಕೀಯನ್ನು ಯಜಮಾನರ ಮುಂದೆ ಟೇಬಲ್ಲಿನ ಮೇಲಿಟ್ಟೆ. ಅವರು ಅದನ್ನು ತೆಗೆದು ಅಂಗಿ ಜೇಬಿಗೆ ಹಾಕಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಫ್ಯಾಕ್ಟರಿ ಬಸ್ಸಿನಲ್ಲಿ ಬಂದೆ. ಪಕ್ಕದವಳು ದಾರಿಯುದ್ದಕ್ಕೂ ತನ್ನ ಹಲ್ಲುನೋವಿನ ಕಥೆ ಹೇಳಿದಳು. ಯಜಮಾನರು ಬೇಗ ಬಂದು ನೀರು ತರಲು ಹೋಗಿದ್ದರು. ಏಳು ಗಂಟೆಯ ಸುಮಾರಿಗೆ ಕಾರು ರಿವರ್ಸ್ ಹಾಕಿಕೊಂಡು ಪೋರ್ಟಿಕೋಗೆ ಬಂತು. ಎಂಜಿನ್ ಆರಿಸುವಷ್ಟು ವ್ಯವಧಾನವೂ ಇಲ್ಲದೆ ಅವರು ಧಡಾರನೆ ಬಾಗಿಲು ತೆಗೆದು ಇಳಿದರು.

"ಏನ್ ಜನ ಕಣೇ ಇವ್ರು! ದಾರಿಯುದ್ದಕ್ಕೂ ಮುಖಕ್ಕೇ ಲೈಟ್ ಹೊಡೀತಾರೆ. ಒಬ್ಬನಂತೂ ನನ್ನ ಬೈದೇಬಿಟ್ಟ. ಈ ಕಾರಿನ ಲೈಟ್ ಸರಿ ಇಲ್ಲ ಕಣೇ!"

ನಾನು ಓಡಿಸಿದರೆ ಡ್ರೈವಿಂಗ್ ಸರಿ ಇಲ್ಲ. ಅವರು ಓಡಿಸಿದರೆ ಲೈಟ್ ಸರಿ ಇಲ್ಲ. ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ ಕುಣಿಯುವಷ್ಟು ಸಂತೋಷವೂ ಆಯಿತು. "ಲೈಟಿಗೇನಾಗತ್ತೆ?" ಎಂದು ಬಾಯಿ ತೆರೆಯುವಷ್ಟರಲ್ಲಿ ಎದುರಿನ ಜಗಲಿಯಿಂದ ಅಜ್ಜಿಯ ದನಿ ಬಂತು. ನೀರಿಗಾಗಿ ಕಾದು ಕೂತಿದ್ದರು.

"ಇದೇನವ್ವಾ, ಬೆಳಕು ಪಟ್ಟಿ ಬುಟ್ಟು ಮ್ಯಾಕೆ ಓಗ್ಯದೆ!"

ತಿರುಗಿ ನೋಡಿದೆ. ಭಾನುವಾರ ಪಟ್ಟಿಯ ಕೆಳಗೆ ನಿಂತಿದ್ದ ಬೆಳಕು ಈಗ ಪಟ್ಟಿಯನ್ನು ದಾಟಿ ಗೋಡೆಯ ಮೇಲೆ ಗೇಣುದ್ದ ಏರಿತ್ತು. ಸ್ಕ್ರೂ ಸಡಿಲವಾಗಿರಬೇಕು, ಮೊದಲು ನೀರು ಇಳಿಸಿ ಆಮೇಲೆ ನೋಡೋಣ ಎಂದು ಯಜಮಾನರು ಒಂದು ಕ್ಯಾನ್ ಎತ್ತಿ ಒಳಗೆ ಇಟ್ಟು ಬಂದರು. ಇನ್ನೊಂದು ಎತ್ತಿದರು. ನನ್ನ ಕಣ್ಣು ಗೋಡೆಯ ಮೇಲೇ ಇತ್ತು. ಬೆಳಕು ಚೂರು ಇಳಿಯಿತು. ಮೂರನೆಯದು ಎತ್ತಿದಾಗ ಇನ್ನೂ ಇಳಿಯಿತು.

"ರೀ, ಆ ಕ್ಯಾನ್ ವಾಪಸ್ ಇಡಿ."

"ಏನೇ?"

"ಇಡ್ರೀ!"

ಇಟ್ಟರು. ಬೆಳಕು ಏರಿತು. ತೆಗೆಯಿರಿ ಎಂದೆ, ಇಳಿಯಿತು. ಇಡಿ ಎಂದೆ, ಏರಿತು. ಅವರ ಬೆನ್ನು ಹಿಡಿದುಕೊಳ್ಳುವವರೆಗೂ ಆಟ ಆಡಿಸಿದೆ ಎಂಬುದು ಅವರ ಈಗಿನ ಆರೋಪ. ಹಿಂದೆ ಆರು ಕ್ಯಾನ್ ನೀರು ಕೂತರೆ ಕಾರಿನ ಹಿಂಭಾಗ ಕುಸಿದು ಮೂತಿ ಮೇಲೇಳುತ್ತಿತ್ತು. ಮೂತಿಯ ಜೊತೆ ಲೈಟೂ ಎದ್ದು ಎದುರಿನವರ ಕಣ್ಣಿಗೆ ನೇರವಾಗಿ ಹೊಡೆಯುತ್ತಿತ್ತು. ನಾನು ಕತ್ತಲಲ್ಲಿ ಓಡಿಸುತ್ತಿದ್ದುದೇ ನೀರು ತುಂಬಿದ ಕಾರು, ಸರಿಮಾಡಿದ್ದು ಮಾತ್ರ ಖಾಲಿ ಕಾರು. ಡಿಕ್ಕಿ ಖಾಲಿ ಇರಲಿ ಅಂದ ಆ ಪುಣ್ಯಾತ್ಮನ ಊರಿನಲ್ಲಿ ಕುಡಿಯುವ ನೀರು ನಲ್ಲಿಯಲ್ಲೇ ಬರುತ್ತದೇನೋ. ಲೈಟನ್ನು ಒಳಗಿನಿಂದಲೇ ತಗ್ಗಿಸುವ ಗುಂಡಿ ಹೊಸ ಕಾರುಗಳಲ್ಲಿ ಇರುತ್ತದಂತೆ. ನಮ್ಮ ಹಳೇ ಕಾರಿಗೆ ಆ ಭಾಗ್ಯವಿಲ್ಲ.

ಇಳಿಸಿದ ಕ್ಯಾನುಗಳನ್ನೆಲ್ಲ ಮತ್ತೆ ಡಿಕ್ಕಿಗೆ ಹೊತ್ತೆವು. ಯಾರೂ ಕರೆಯದಿದ್ದರೂ ಅಜ್ಜಿ ಬಂದು ಸ್ಟೇರಿಂಗ್ ಹಿಡಿದು ಕೂತಾಗಿತ್ತು. ಯಜಮಾನರು ಟವಲ್ ಹಿಡಿದರು, ನಾನು ಸ್ಕ್ರೂ ತಿರುಗಿಸಿದೆ. ತುಂಬಿದ ಕಾರಿನ ಬೆಳಕು ನಿಧಾನವಾಗಿ ಇಳಿದು ಪಟ್ಟಿಯ ಕೆಳಗೆ ಬಂದು ನಿಂತಿತು. ಇನ್ನು ಖಾಲಿ ಕಾರಿನಲ್ಲಿ ಕತ್ತಲಲ್ಲಿ ಹೊರಟರೆ ಬೆಳಕೆಲ್ಲ ಕಾಲ ಬುಡಕ್ಕೇ ಬೀಳುತ್ತದಲ್ಲ ಎಂದರು ಯಜಮಾನರು. ಕತ್ತಲಲ್ಲಿ ಈ ಕಾರು ಓಡಿಸುವವಳು ನಾನು, ನನ್ನ ಹಿಂದೆ ನೀರು ಯಾವಾಗಲೂ ಇರುತ್ತದೆ ಎಂದೆ. ಕಾರು ಆರಿಸಿ ಒಳಗೆ ಹೋದ ಮೇಲೆ ನೋಡಿದರೆ ಕೀ ಮತ್ತೆ ಅವರ ಅಂಗಿ ಜೇಬು ಸೇರಿತ್ತು. ಕೈ ಚಾಚಿದೆ. ತೆಗೆದು ಕೊಟ್ಟರು.

ಮರುದಿನ ಸಂಜೆ ನೀರು ತುಂಬಿಸಿಕೊಂಡು ಹೊರಟಾಗ ಭಯವಾಗಿತ್ತು, ಸುಳ್ಳು ಯಾಕೆ ಹೇಳಲಿ. ಮೊದಲ ಟೆಂಪೋ ಎದುರಾಯಿತು. ಅದು ಸುಮ್ಮನೆ ಹಾದುಹೋಯಿತು. ಬಸ್ಸು ಹೋಯಿತು, ಬೈಕುಗಳು ಹೋದವು. ಅಷ್ಟೂ ದಾರಿಯಲ್ಲಿ ಒಬ್ಬರೂ ನನ್ನನ್ನು ಗಮನಿಸಲಿಲ್ಲ. ಯಾರ ಕಣ್ಣಿಗೂ ಬೀಳದೆ ಮನೆ ಸೇರುವುದು ಇಷ್ಟು ಸುಖದ ವಿಷಯವೆಂದು ನನಗೆ ಗೊತ್ತಿರಲಿಲ್ಲ.

ಯಜಮಾನರು ಗೇಟಿನ ಹತ್ತಿರವೇ ನಿಂತಿದ್ದರು. ನಾನು ಇಳಿಯುವ ಮೊದಲೇ ಕೇಳಿದರು.

"ಹೇಗಿತ್ತು ಲೈಟು?"

"ಡ್ರೈವಿಂಗ್ ಹೇಗಿತ್ತು ಅಂತ ಕೇಳ್ರೀ."

ಗೇಟಿನ ಚಿಲಕ ಹಾಕಿ ಬಂದರು. ಆಮೇಲೆ ಕೇಳಿದರು.