ಅಮಾವಾಸ್ಯೆಯ ದಿನದ ಮರಳದಿಬ್ಬ

ಬಳಚು ಎಂಬ ಚಿಪ್ಪುಮೀನು ಬೇಯುವ ವಾಸನೆ ಬಂದರೆ ನಾನು ಈಗಲೂ ಆ ಓಣಿ ಬಿಟ್ಟು ಇನ್ನೊಂದು ಓಣಿಯಲ್ಲಿ ಹೋಗುತ್ತೇನೆ. ಉಪ್ಪುನೀರು, ಕೆಸರು, ಕಾದು ಬಾಯಿ ಬಿಟ್ಟ ಚಿಪ್ಪು, ತೆಂಗಿನ ಗರಿಯ ಹೊಗೆ, ಎಲ್ಲ ಸೇರಿದ ವಾಸನೆ ಅದು. ಭಟ್ಕಳದಲ್ಲಿ ನಾನಿರುವ ಕಡೆ ಯಾರ ಮನೆಯಲ್ಲಾದರೂ ಬೇಯಿಸಿದರೆ ಅಕ್ಕಪಕ್ಕದವರಿಗೆಲ್ಲ ಬಾಯಲ್ಲಿ ನೀರೂರುತ್ತದೆ, ನಾನು ಕಿಟಕಿ ಮುಚ್ಚುತ್ತೇನೆ. "ಮೀನುಗಾರರ ಮನೇಲಿ ಹುಟ್ಟಿ ಬಳಚು ಮುಟ್ಟದವಳು ನೀನೊಬ್ಬಳೇ" ಎಂದು ಗಂಡ ನಗುತ್ತಾನೆ. ನಾನೂ ನಗುತ್ತೇನೆ. ಕಾರಣವನ್ನು ಅವನಿಗೆ ಪೂರ್ತಿ ಹೇಳಿಲ್ಲ.

ನಮ್ಮ ಮನೆ ಕುಮಟೆಯ ಕಡೆ, ಹೊಳೆ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿತ್ತು. ಅಂಗಳದ ತುಂಬ ಚಿಪ್ಪು. ಬರಿಗಾಲಲ್ಲಿ ನಡೆದರೆ ಕಟಕಟ ಸದ್ದು. ಒಂದು ಬದಿಗೆ ಬಲೆ ಇಡುವ ಸೋಗೆಯ ಕೊಟ್ಟಿಗೆ, ಅದರ ಪಕ್ಕದಲ್ಲೇ ಬಯಲಲ್ಲಿ ಅಜ್ಜಿಯ ಮೂರು ಕಲ್ಲಿನ ಒಲೆ. ನೀರು ಇಳಿದಾಗ ಅಜ್ಜಿ ಸೀರೆ ಮೇಲಕ್ಕೆ ಕಟ್ಟಿ ಹೊಳೆಗಿಳಿಯುತ್ತಿದ್ದಳು, ಕಾಲ್ಬೆರಳಿನಿಂದಲೇ ಕೆಸರಿನಲ್ಲಿ ಬಳಚು ತಡವಿ ಬುಟ್ಟಿ ತುಂಬುತ್ತಿದ್ದಳು. ಅವಳಿಗೆ ಗಡಿಯಾರ ಬೇಕಿರಲಿಲ್ಲ. "ಇವತ್ತು ಅಷ್ಟಮಿ, ಊಟದೊಳಗೆ ದಿಬ್ಬ ಏಳ್ತದೆ" ಎಂದರೆ ಏಳುತ್ತಿತ್ತು. ದಿಬ್ಬವೆಂದರೆ ಆ ದಂಡೆಗೂ ಈ ದಂಡೆಗೂ ನಡುವಿನ ಮರಳದಿಬ್ಬ. ಇಳಿತದಲ್ಲಿ ಪಾದ ಮುಳುಗುವಷ್ಟು ನೀರಿನಲ್ಲಿ ಅದರ ಮೇಲೆ ನಡೆದು ಹೊಳೆ ದಾಟಬಹುದಿತ್ತು, ಉಬ್ಬರದಲ್ಲಿ ದೋಣಿಯೇ ಗತಿ. ನಿಮಗೂ ಇಂಥ ಒಂದು ಮನೆ ಎಲ್ಲೋ ಇದ್ದಿರಬಹುದು, ಈಗ ಇಲ್ಲದಿರಬಹುದು.

ಆಚೆ ದಂಡೆಯ ಸುಬ್ರಾಯ ಅಪ್ಪನ ದೋಣಿಯಲ್ಲಿ ಕೆಲಸಕ್ಕಿದ್ದ. ಎಂಜಿನ್ನಿಗೆ ಸೀಮೆಎಣ್ಣೆಯ ನೀಲಿ ಕ್ಯಾನು ಹಿಡಿದು ದಿಬ್ಬದ ಮೇಲೆ ನಡೆದು ಬರುತ್ತಿದ್ದ. ನಾನು ಓಡಿಹೋದರೆ ಕ್ಯಾನು ಒಂದು ಕೈಗೆ, ನಾನು ಹೆಗಲಿಗೆ. ನನಗೆ ಅವನು ಸುಬ್ರಾಯ ಮಾವ. ಆಮೇಲೆ ಅಪ್ಪನ ಜೊತೆ ಯಾವುದಕ್ಕೋ ಜಗಳವಾಗಿ ಬೇರೆಯವರ ದೋಣಿಗೆ ಹೋದ. ಹೋಗುವಾಗ ಆಡಬಾರದ ಮಾತೂ ಆಡಿ ಹೋದನಂತೆ. ಅಪ್ಪ ಅದನ್ನು ಮರೆಯಲಿಲ್ಲ.

ಅಮಾವಾಸ್ಯೆಗೆ ನಮ್ಮಲ್ಲಿ ಯಾರೂ ಕಡಲಿಗಿಳಿಯುತ್ತಿರಲಿಲ್ಲ. ಬಲೆ ಒಣಗಿಸಿ ಕೊಟ್ಟಿಗೆಯಲ್ಲಿಟ್ಟು ಅಪ್ಪ, ಅಮ್ಮ ಧಾರೇಶ್ವರದ ದೇವಸ್ಥಾನಕ್ಕೆ ಹೋಗುತ್ತಿದ್ದರು. ಆ ಅಮಾವಾಸ್ಯೆಯಂದೂ ಹೋಗಿದ್ದರು. ಅಜ್ಜಿ ಬೆಳಗಿನ ಇಳಿತದಲ್ಲಿ ತಂದ ಬಳಚು ಬೇಯಿಸಿ, ಬುಟ್ಟಿ ಹೊತ್ತು ಕೇರಿಗೆ ಮಾರಲು ಹೋಗಿದ್ದಳು. ನಾನು, ಏಳು ವರ್ಷದವಳು, ಜಗಲಿಯಲ್ಲಿ ಚಿಪ್ಪು ಜೋಡಿಸುತ್ತ ಕೂತಿದ್ದೆ. ಮಧ್ಯಾಹ್ನ ಗಾಳಿ ಎದ್ದಿತು. ಚಟಚಟ ಸದ್ದಾಗಿ ತಲೆ ಎತ್ತಿದರೆ ಕೊಟ್ಟಿಗೆಯ ಸೋಗೆ ಉರಿಯುತ್ತಿತ್ತು. ಜನ ಕೊಡ ಹಿಡಿದು ಓಡಿ ಬರುವಷ್ಟರಲ್ಲಿ ಬಲೆಗಳೆಲ್ಲ ಕರಗಿ ಕರಿ ಮುದ್ದೆಯಾಗಿದ್ದವು.

ಅಪ್ಪ ಬಂದವನು ಕೈಯಲ್ಲಿದ್ದ ಪ್ರಸಾದವನ್ನೂ ಕೆಳಗಿಡದೆ ನನ್ನ ಎದುರು ಕೂತ. "ಸುಬ್ರಾಯ ಬಂದಿದ್ನಲೆ? ಹೇಳು." ನಂಗೆ ಗುತ್ತಿಲ್ಲ ಎಂದೆ. ಮತ್ತೆ ಕೇಳಿದ. ಮೂರನೇ ಸಲವೋ ನಾಲ್ಕನೇ ಸಲವೋ ಹೌದೆಂದು ತಲೆ ಆಡಿಸಿದೆ. ಕೂಡಲೇ ನನ್ನನ್ನು ಎದೆಗೆ ಎಳೆದುಕೊಂಡ. ಅಪ್ಪ ಅಷ್ಟು ಹೊತ್ತು ನನ್ನನ್ನು ಅಪ್ಪಿಕೊಂಡದ್ದು ಅದೇ ಮೊದಲು. ಆಮೇಲೆ ಪೊಲೀಸ್ ಫೌಜದಾರರು ಬಂದರು, ಬರೆದುಕೊಂಡರು. ಬಂದ ನೆಂಟರೆಲ್ಲ ಕೇಳಿದರು, ನಾನು ಹೇಳಿದೆ. ಯಾರೂ ನನಗೆ ಹೊಡೆದು ಕಲಿಸಲಿಲ್ಲ, ಇದನ್ನು ಅಪ್ಪನ ಪರವಾಗಿ ಹೇಳಲೇಬೇಕು. "ಹೆದರ್ಬೇಡ, ಕಂಡದ್ದು ಹೇಳು" ಎಂದಷ್ಟೇ ಅವನ ಮಾತು. ಹೇಳಿದಷ್ಟೂ ನನಗೆ ಕಾಣತೊಡಗಿತು. ಮೊದಲು ಕಂಡದ್ದು ಬೆನ್ನು. ಆಮೇಲೆ ಚೌಕುಳಿ ಲುಂಗಿ. ಆಮೇಲೆ ನೀಲಿ ಕ್ಯಾನು.

ಕೋರ್ಟಿಗೆ ಹೋದಾಗ ನನಗೆ ಎಂಟು ತುಂಬಿತ್ತು. ಜಡ್ಜ್ ಸಾಹೇಬರು ಹತ್ತಿರ ಕೂರಿಸಿಕೊಂಡು, ಸುಳ್ಳು ಹೇಳಿದರೆ ಏನಾಗುತ್ತದೆ ಮಗು ಎಂದು ಕೇಳಿದರು. "ಪಾಪ ಬರ್ತದೆ" ಎಂದೆ. ಸುಬ್ರಾಯನ ಪರ ವಕೀಲರು ಘಟ್ಟದ ಮೇಲಿನವರು. ಅವನು ಯಾವ ಕಡೆಯಿಂದ ಬಂದ ಎಂದು ಕೇಳಿದರು. ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಾನು ತಡವರಿಸಲೂ ಇಲ್ಲ. "ಆಚೆ ದಂಡೆಯಿಂದ, ದಿಬ್ಬದ ಮೇಲೆ ನಡ್ಕಂಡು ಬಂದ. ಕಾಲು ಮಾತ್ರ ನೀರಲ್ಲಿತ್ತು." ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ ಸುಬ್ರಾಯ ತಟ್ಟನೆ ತಲೆ ಎತ್ತಿದ. ಹಿಂದೆ ಕೂತಿದ್ದ ನಮ್ಮ ಕೇರಿಯವರೆಲ್ಲ ಕೆಮ್ಮಿದರು, ಕಾಲು ಸರಿಸಿದರು, ಕಿಟಕಿಯ ಕಡೆ ನೋಡಿದರು. ವಕೀಲರು ಕಾಗದ ಮಡಚಿ ಕೂತರು. ಸುಬ್ರಾಯ ಆಮೇಲೆ ಅವರಿಗೆ ವಿಷಯ ತಿಳಿಸಿದನಂತೆ, ಆದರೆ ಅಪ್ಪನ ವಿರುದ್ಧ ಸಾಕ್ಷಿ ಹೇಳಲು ಕೇರಿಯಲ್ಲಿ ಯಾರು ಬರಬೇಕು? ಅವತ್ತು ಅಪ್ಪ ನನಗೆ ಹೋಟೆಲಿನಲ್ಲಿ ಬನ್ಸ್ ಕೊಡಿಸಿದ. ಎರಡು ತಿಂದೆ.

ಮುಂದಿನ ಅಮಾವಾಸ್ಯೆಯ ಮಧ್ಯಾಹ್ನ ಅಜ್ಜಿ ನನ್ನ ಕೈ ಹಿಡಿದು ದಂಡೆಗೆ ಕರೆದುಕೊಂಡು ಹೋದಳು. "ಇವತ್ತು ಎಂತ ದಿನ?" ಅಮಾಸೆ ಎಂದೆ. "ದಿಬ್ಬ ಎಲ್ಲಿದೆ, ತೋರ್ಸು." ನೋಡಿದೆ. ಈ ದಂಡೆಯಿಂದ ಆ ದಂಡೆಯವರೆಗೆ ಬರೀ ನೀರು. ಅಮಾವಾಸ್ಯೆ, ಹುಣ್ಣಿಮೆಯ ಮಧ್ಯಾಹ್ನ ಭಾರಿ ಉಬ್ಬರವೆಂದು ನಮ್ಮಲ್ಲಿ ಎಲ್ಲ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು! "ಇಳಿ" ಎಂದಳು. ನನ್ನ ಜೊತೆ ತಾನೂ ಇಳಿದಳು. ನೀರು ನನ್ನ ಸೊಂಟಕ್ಕೆ ಬಂತು, ಎದೆಗೆ ಬಂತು, ಆಮೇಲೆ ಕಾಲಿಗೆ ನೆಲ ಸಿಗಲಿಲ್ಲ. ಅಜ್ಜಿ ಎತ್ತಿಕೊಂಡಳು. ನಾನು ಅಳುತ್ತ, "ನಾ ಖರೇನೇ ಹೇಳಿದ್ದು ಅಜ್ಜಿ, ಅವ ಬಂದಿದ್ದ, ನಾ ಕಂಡಿದ್ದೆ" ಎಂದೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತ ನೀರಿನಲ್ಲಿ ನಿಂತಿದ್ದಳು. "ಸುಳ್ಳು ಹೇಳಿದ್ರೆ ಬೈದು ಬಿಡ್ತಿದ್ದೆ. ನೀ ನಂಬ್ಕಂಡು ಬಿಟ್ಟಿದ್ಯಲೆ ಮಗಾ. ಇದಕ್ಕೆ ಎಂತ ಮಾಡುದು?"

ಅವಳು ಮಾಡಿದ್ದೇನೆಂದು ನನಗೆ ಗೊತ್ತಾದದ್ದು ದೊಡ್ಡವಳಾದ ಮೇಲೆ. ಸುಬ್ರಾಯನ ವಕೀಲರನ್ನು ತಾನೇ ಹುಡುಕಿಕೊಂಡು ಹೋಗಿ, ಮಗನ ವಿರುದ್ಧ ಕಟಕಟೆ ಹತ್ತಿದಳು. ಅಮಾವಾಸ್ಯೆಯ ಆ ಹೊತ್ತಿಗೆ ದಿಬ್ಬ ನೀರಿನಡಿ ಇರುತ್ತದೆ, ನನ್ನ ಮೊಮ್ಮಗಳು ಬೇರೆ ಯಾವತ್ತೋ ಕಂಡದ್ದನ್ನು ಹೇಳಿದ್ದಾಳೆ ಎಂದಳು. ಅಷ್ಟಕ್ಕೆ ಬಿಡಲಿಲ್ಲ. ಕೇರಿಗೆ ಹೋಗುವ ಗಡಿಬಿಡಿಯಲ್ಲಿ ಒಲೆಗೆ ನೀರು ಹೊಯ್ಯದೆ ಹೋಗಿದ್ದೆ, ಗಾಳಿಗೆ ಕಿಡಿ ಹಾರಿ ಸೋಗೆಗೆ ಬಿದ್ದಿರಬಹುದು, ಹೆದರಿ ಇಷ್ಟು ದಿನ ಬಾಯಿ ಬಿಡಲಿಲ್ಲ ಎಂದೂ ಹೇಳಿದಳು. ಸುಬ್ರಾಯನ ಬಿಡುಗಡೆಯಾಯಿತು. ಆದರೆ ಅಷ್ಟರಲ್ಲಿ ಅವನಿಗೆ ನಿಶ್ಚಯವಾಗಿದ್ದ ಹುಡುಗಿಯನ್ನು ಬೇರೆ ಕಡೆ ಕೊಟ್ಟಾಗಿತ್ತು, ಕೊಟ್ಟಿಗೆ ಸುಟ್ಟವನು ಎಂದು ಯಾರೂ ದೋಣಿಗೆ ಹತ್ತಿಸುತ್ತಿರಲಿಲ್ಲ. ಊರು ಬಿಟ್ಟು ಭಟ್ಕಳದ ಬಂದರಿಗೆ ಹೋದ. ಅಪ್ಪ ಅಜ್ಜಿಯ ಜೊತೆ ಮಾತು ಬಿಟ್ಟ. ಒಂದೇ ಮನೆಯಲ್ಲಿ, ಒಂದೇ ಮಡಕೆಯ ಗಂಜಿ ಉಂಡು, ಅವಳು ಸಾಯುವವರೆಗೂ ಒಂದು ಮಾತೂ ಆಡಲಿಲ್ಲ. ಅಜ್ಜಿ ಮತ್ತೆ ಬಳಚು ಬೇಯಿಸಲಿಲ್ಲ. ಅವಳು ಹೋದ ಮೇಲೆ ಒಂದೆರಡು ಮಳೆಗಾಲದಲ್ಲಿ ದಂಡೆ ಕುಸಿದು ಮೊದಲು ಕೊಟ್ಟಿಗೆಯ ಜಾಗ, ಆಮೇಲೆ ಮನೆ ಹೊಳೆಗೆ ಹೋಯಿತು. ಅಜ್ಜಿಯ ಒಂದು ಫೋಟೋವೂ ಉಳಿದಿಲ್ಲ. ಅವಳ ಮುಖ ನೆನಪು ಮಾಡಿಕೊಳ್ಳಲು ಹೋದರೆ ಮೂಗುತಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಇದನ್ನು ಬರೆಯುವಾಗಲೂ ಸಂಕಟವಾಗುತ್ತದೆ.

ಹೋದ ವರ್ಷ ಬಂದರಿನಲ್ಲಿ ಮೀನು ಕೊಳ್ಳಲು ಹೋದಾಗ ಸುಬ್ರಾಯ ಮಾವನನ್ನು ಕಂಡೆ. ತಲೆ ಪೂರ್ತಿ ಬೆಳ್ಳಗಾಗಿತ್ತು. ನೆರಳಿನಲ್ಲಿ ಕಾಲು ಚಾಚಿ ಕೂತು ಬಲೆ ಹೆಣೆಯುತ್ತಿದ್ದ. ಹೆಸರು ಹೇಳಿದೆ. "ಗುತ್ತಾತು" ಎಂದ. ಅಜ್ಜಿ ಹೋದದ್ದು ಕೇಳಿ ಕೈಯಲ್ಲಿದ್ದ ಸೂಜಿ ಕೆಳಗಿಟ್ಟ. ಕ್ಷಮಿಸು ಎನ್ನಲು ನಾನು ಮಾತು ಹುಡುಕುತ್ತಿದ್ದಾಗ ಅವನೇ ಕೇಳಿದ: "ಒಂದು ಹೇಳು ಮಗಾ, ಬೇಜಾರಿಲ್ಲ. ಅವತ್ತು ನೀ ಖರೇ ಕಂಡಿದ್ಯಾ ನನ್ನ? ಇಲ್ಲಾ, ಹೇಳು ಅಂದ್ರು ಅಂತ ಹೇಳಿದ್ಯಾ?"

ಇಷ್ಟು ವರ್ಷ ಅವನು ಅದನ್ನೇ ಯೋಚಿಸುತ್ತಿದ್ದಿರಬೇಕು. ಕೋರ್ಟಿನಲ್ಲಿ ಪಟ್ಟನೆ ಉತ್ತರ ಕೊಟ್ಟವಳು ನಾನು, ಇಲ್ಲಿ ಮೀನಿನ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದೆ. ಕೊನೆಗೆ, "ಕಂಡಿರ್ಲಿಲ್ಲ ಮಾವಾ" ಎಂದೆ. ಅವನು ತಲೆಯಾಡಿಸಿದ, ಬಲೆಯ ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡ. ನಾನು ಹಾಗೆ ಹೇಳುತ್ತಿದ್ದಾಗಲೂ ಅವನು ನನ್ನ ಕಣ್ಣೆದುರು ನಡೆದು ಬರುತ್ತಲೇ ಇದ್ದ, ಕಪ್ಪು ಕೂದಲಿನ ಸುಬ್ರಾಯ ಮಾವ, ನೀಲಿ ಕ್ಯಾನು ಹಿಡಿದು, ಪಾದ ಮಾತ್ರ ಮುಳುಗುವ ನೀರಿನಲ್ಲಿ.