ರುಚಿ ನೋಡಿದ್ದು ಲೆಕ್ಕಕ್ಕಿಲ್ಲ

ನನ್ನ ಗಂಡನ ಅಂಗಿಯ ತೋಳಿನಲ್ಲಿ ತುಪ್ಪದ ಕಲೆ ಕಂಡದ್ದು ಅವರು ಶಿಲಾಯುಗಕ್ಕೆ ಹೋಗಿ ಒಂದು ತಿಂಗಳಾದ ಮೇಲೆ. ಒಗೆಯಲು ಹಾಕುವ ಮೊದಲು ಮೂಸಿ ನೋಡಿದೆ. ಏಲಕ್ಕಿಯ ವಾಸನೆಯೂ ಇತ್ತು. ಶಿರಾ ತಿಂದಿದ್ದಾರೆ ಎಂದುಕೊಂಡೆ. ಆ ದಿನದ ದಿನಚರಿಯಲ್ಲಿ ‘ಶಿರಾ?’ ಎಂದಷ್ಟೇ ಬರೆದಿದ್ದೇನೆ. ಏಲಕ್ಕಿಯ ಮಾತು ಅಲ್ಲಿಲ್ಲ. ಅದನ್ನು ನಾನು ಆಮೇಲೆ ಸೇರಿಸಿಕೊಂಡೆನೋ ಏನೋ, ಈಗ ಹೇಳಲಾರೆ.

ಶಿಲಾಯುಗದ ಊಟ ನಮ್ಮ ಮನೆಗೆ ಬಂದದ್ದು ರಕ್ತಪರೀಕ್ಷೆಯ ಬೆನ್ನಿಗೆ. ಇವರಿಗೆ ಸಕ್ಕರೆ ಹೆಚ್ಚಿತ್ತು. ಬೊರಿವಲಿಯ ನಮ್ಮ ಡಾಕ್ಟರು ಮಾತ್ರೆ ಬರೆಯಲು ಹೊರಟಾಗ ಇವರು, ಮೂರು ತಿಂಗಳು ಪಥ್ಯ ಮಾಡಿ ನೋಡುತ್ತೇನೆ, ಆಮೇಲೆ ಬರೆಯಿರಿ ಎಂದು ಬೇಡಿಕೊಂಡರು. ಡಾಕ್ಟರು ಮನಸ್ಸಿಲ್ಲದೆ ಒಪ್ಪಿದರು. ಇಳಿಯದಿದ್ದರೆ ಆಮೇಲೆ ವಾದ ಮಾಡುವ ಹಾಗಿಲ್ಲ ಎಂದರು.

ಇವರ ಭಯ ನನಗೆ ಗೊತ್ತಿತ್ತು. ಇವರ ಅಣ್ಣ ಇದೇ ಕಾಯಿಲೆಯಲ್ಲಿ ಮೊದಲು ಹೆಬ್ಬೆರಳು, ಆಮೇಲೆ ಪಾದ ಕಳೆದುಕೊಂಡು ಹೋದವರು. ಎಲ್ಲವೂ ಮಾತ್ರೆಯಿಂದ ಶುರುವಾಯಿತು ಎನ್ನುವುದು ಇವರ ನೆನಪು. ಬಾವ ಮಾತ್ರೆಯನ್ನು ಸರಿಯಾಗಿ ನುಂಗುತ್ತಲೇ ಇರಲಿಲ್ಲ ಎನ್ನುವುದು ನನ್ನ ನೆನಪು. ಒಂದೇ ಮನೆಯಲ್ಲಿದ್ದು ಒಂದೇ ಮನುಷ್ಯನನ್ನು ನೋಡಿದವರು ನಾವು.

ಇವರ ಫೋನಿನಲ್ಲಿ ಗಡ್ಡದವನೊಬ್ಬ ದಿನಾ ಬೆಳಗ್ಗೆ ಬಂದು ಹೇಳುತ್ತಿದ್ದ: ಅಕ್ಕಿ, ಗೋಧಿ, ಬೇಳೆ ಎಲ್ಲ ನಿನ್ನೆ ಮೊನ್ನೆಯವು. ಮನುಷ್ಯನ ಹೊಟ್ಟೆ ಇನ್ನೂ ಗುಹೆಯಲ್ಲೇ ಇದೆ. ಮೀನು, ಮಾಂಸ, ಮೊಟ್ಟೆ, ಕಾಯಿಪಲ್ಲೆ ತಿನ್ನಿ.

“ಆದಿಮಾನವನಿಗೆ ಶುಗರ್ ಇತ್ತಾ ಮಾರಾಯ್ತಿ? ನೀನು ಅದನ್ನೇ ಓದಿದವಳಲ್ವಾ, ಹೇಳು ನೋಡುವ.”

“ಶುಗರ್ ಬರುವ ಪ್ರಾಯದವರೆಗೆ ಅವ ಬದುಕಿದ್ರೆ ತಾನೇ?”

ಮಾತು ಚುರುಕಾಗಿತ್ತು, ಪೂರ್ತಿ ನಿಜವಾಗಿರಲಿಲ್ಲ. ಆ ಕಾಲದಲ್ಲೂ ಮುದುಕರಿದ್ದರು. ನಾನು ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಓದಿದವಳು. ಅದರಲ್ಲಿ ಉಳಿದುಕೊಂಡದ್ದು ಒಂದು ಅನುಮಾನ ಮಾತ್ರ. ಎಲುಬು ಉಳಿಯುತ್ತದೆ, ಸೊಪ್ಪು ಕೊಳೆಯುತ್ತದೆ. ಒಲೆಯ ಬೂದಿಯ ಪಕ್ಕ ಎಲುಬಿನ ರಾಶಿ ಕಂಡವನಿಗೆ ಅವರು ಬರೀ ಮಾಂಸ ತಿಂದರು ಅನ್ನಿಸುವುದು ಸಹಜ. ಹಲ್ಲಿನ ಮೇಲೆ ಕಟ್ಟಿದ ಪಾಚಿಯನ್ನು ಕೆರೆದು ನೋಡಿದರೆ ಗೆಡ್ಡೆಯ ಹಿಟ್ಟು, ಹುಲ್ಲಿನ ಬೀಜದ ಕಣ ಸಿಗುತ್ತದೆ. ಇದನ್ನು ಹೇಳಿದೆ. ಇವರು ಕೇಳಿದರೋ ಇಲ್ಲವೋ, ತಟ್ಟೆಯಲ್ಲಿದ್ದ ಬಂಗುಡೆಯ ಮುಳ್ಳು ಬಿಡಿಸುತ್ತಿದ್ದರು.

ಸಾಂತಾಕ್ರೂಜ್‌ನಲ್ಲಿ ಇವರ ಉಡುಪಿ ಹೋಟೆಲಿದೆ. ಅಣ್ಣನ ನಂತರ ಗಲ್ಲಾದಲ್ಲಿ ಕೂರುವವರು ಇವರೇ. ನಸುಕಿನ ಲೋಕಲ್ ಹಿಡಿದು ಹೋಗಿ, ಊರಿಗೆಲ್ಲ ಇಡ್ಲಿ ಬಡಿಸಿ, ಮಧ್ಯಾಹ್ನ ಮನೆಗೆ ಬಂದು ಅನ್ನವಿಲ್ಲದ ತಟ್ಟೆಯ ಮುಂದೆ ಕೂರುವ ಮನುಷ್ಯ. ಇಷ್ಟು ಸುಲಭವಾಗಿ ಒಬ್ಬ ಹೋಟೆಲಿನವ ಅನ್ನ ಬಿಡುತ್ತಾನೆಯೇ? ಕುಚ್ಚಲಕ್ಕಿ ಗಂಜಿಗಾಗಿ ಒಮ್ಮೆಯೂ ಮುನಿಯಲಿಲ್ಲ. ಅದೇ ನನಗೆ ಸಂಶಯ ತಂದದ್ದು. ತೋಳಿನ ಕಲೆ ಆಮೇಲೆ ಬಂತು.

ಚೌತಿಯ ಮರುದಿನ ಎದುರುಮನೆಯ ಮರಾಠಿ ಹೆಂಗಸು, ನಮ್ಮೆಲ್ಲರ ವಹಿನಿ, ಒಂದು ಡಬ್ಬಿ ಪಲ್ಯ ತಂದರು. ಋಷಿಪಂಚಮಿಗೆ ಮಾಡುವ ಅಡುಗೆ. ಎತ್ತು ಉತ್ತ ನೆಲದಲ್ಲಿ ಬೆಳೆದದ್ದೇನೂ ಅದರಲ್ಲಿ ಇರಬಾರದು. ಕೆಸುವಿನೆಲೆ, ಹರಿವೆ ದಂಟು, ಸುವರ್ಣಗೆಡ್ಡೆ, ಹೀಗೆ. ಇವರಿಗೆ ಹಬ್ಬವೇ ಆಯಿತು.

“ನೋಡು, ನೇಗಿಲಿಗಿಂತ ಹಿಂದಿನ ಊಟ! ಇವರು ಅಂದಿನಿಂದ ಬಿಡದೆ ಹಿಡಿದುಕೊಂಡು ಬಂದಿದ್ದಾರೆ.”

“ಅದರಲ್ಲಿ ಮೆಕ್ಕೆಜೋಳದ ತುಂಡು ಉಂಟು. ಅದು ಅಮೆರಿಕದಿಂದ ಹಡಗಿನಲ್ಲಿ ಬಂದದ್ದು.”

“ನಿನಗೆ ಪಲ್ಯದ್ದೂ ಪಾಸ್‌ಪೋರ್ಟ್ ನೋಡ್ಬೇಕು.”

ವಹಿನಿಗೆ ಕನ್ನಡ ಬಾರದಿದ್ದುದು ಒಳ್ಳೆಯದಾಯಿತು. ನಗುತ್ತಾ ನಿಂತಿದ್ದರು.

ಮೂರು ತಿಂಗಳ ಕೊನೆಗೆ ಮತ್ತೆ ರಕ್ತ ಕೊಟ್ಟು ಬಂದರು. ಸಕ್ಕರೆ ಇಳಿದಿರಲಿಲ್ಲ, ತುಸು ಏರಿತ್ತು. ಅಷ್ಟರಲ್ಲಿ ಹೊಸ ಚಪ್ಪಲಿ ಕಚ್ಚಿ ಕಿರುಬೆರಳ ಪಕ್ಕ ಒಂದು ಗಾಯವಾಗಿತ್ತು. ಸಣ್ಣದು, ಆದರೆ ಮಾಯುತ್ತಿರಲಿಲ್ಲ. ಅದನ್ನು ಅವರು ನನ್ನಿಂದ ಮುಚ್ಚಿಡುತ್ತಿದ್ದರು. ಮುಚ್ಚಿಟ್ಟದ್ದನ್ನು ನಾನು ನೋಡಿದ್ದೆ.

“ಲ್ಯಾಬಿನವರದ್ದೇ ತಪ್ಪು. ಇನ್ನು ಮೂರು ತಿಂಗಳು ನೋಡುವ.”

“ಹೋಟೆಲಿನಲ್ಲಿ ಎಂತ ತಿಂತೀರಿ? ನಿಜ ಹೇಳಿ.”

“ಒಂದು ಇಡ್ಲಿ ತಿಂದಿದ್ರೆ ಅಣ್ಣನ ಮೇಲೆ ಆಣೆ.”

ಅಣ್ಣನ ಮೇಲೆ ಇವರು ಸುಳ್ಳು ಆಣೆ ಹಾಕುವವರಲ್ಲ. ಹಾಗೆಂದು ನನಗೆ ಹೇಗೆ ಗೊತ್ತು? ಹಿಂದೆ ಎಂದಾದರೂ ಅಣ್ಣನ ಆಣೆ ಹಾಕಿದ್ದುಂಟೇ? ಒಂದು ಸಂದರ್ಭವೂ ನೆನಪಾಗಲಿಲ್ಲ. ಆದರೂ ಆ ಆಣೆ ನನ್ನ ಬಾಯಿ ಮುಚ್ಚಿಸಿತು. ಸಂಶಯವನ್ನು ಮುಚ್ಚಿಸಲಿಲ್ಲ.

ಎರಡು ದಿನ ಬಿಟ್ಟು, ಹೇಳದೆ ಸಾಂತಾಕ್ರೂಜ್‌ಗೆ ಹೋದೆ. ಬೆಳಗಿನ ಗಿರಾಕಿಗಳ ಗದ್ದಲ. ಫ್ಯಾಮಿಲಿ ರೂಮಿನ ಬಣ್ಣದ ಗಾಜಿನ ಹಿಂದೆ ಒಂದು ಚಹಾ ಹೇಳಿ ಕೂತೆ. ಗಲ್ಲಾ ಅಲ್ಲಿಂದ ಕಾಣುತ್ತದೆ. ಗಲ್ಲಾದ ಮೇಲೆ ನೀರಿನ ಲೋಟ, ಲೋಟದಲ್ಲಿ ಮುಳುಗಿದ ಒಂದು ಉದ್ದ ಹಿಡಿಯ ಚಮಚ. ಬಾವನ ಕಾಲದಿಂದಲೂ ಅದು ಅಲ್ಲೇ ಇದೆ. ಅಷ್ಟು ವರ್ಷ ಅದು ನನ್ನ ಕಣ್ಣಿಗೆ ಬಿದ್ದದ್ದೇ ಇಲ್ಲ, ಅಥವಾ ಬಿದ್ದದ್ದು ಮನಸ್ಸಿಗೆ ಹೋಗಿರಲಿಲ್ಲ.

ಅಡುಗೆಯ ಭಟ್ರು ಸಾಂಬಾರಿನ ಬಟ್ಟಲು ತಂದಿಟ್ಟರು. ಇವರು ಚಮಚ ಎತ್ತಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

“ಭಟ್ರೆ, ಉಪ್ಪು ಒಂದು ಕಲ್ಲು ಕಡಿಮೆ.”

“ನಿನ್ನೆ ಹೆಚ್ಚು ಅಂದ್ರಿ ಧಣಿ.”

“ನಿನ್ನೆಯ ಸಾಂಬಾರು ನಿನ್ನೆಗೆ.”

“ಹಾಗಾದ್ರೆ ನಾಳೆದ್ದು ಈಗಲೇ ಹೇಳಿಬಿಡಿ, ನನ್ನ ಕಾಲಿಗಾದ್ರೂ ಪುಣ್ಯ.”

ಆಮೇಲೆ ಚಟ್ನಿ ಬಂತು. ಬರೀ ಚಟ್ನಿಯನ್ನು ನಾಲಿಗೆಗೆ ಹಾಕಿದರೆ ಅದರ ಹದ ತಿಳಿಯುವುದಿಲ್ಲವಂತೆ, ಅದಕ್ಕೊಂದು ಇಡ್ಲಿ ತುಂಡು. ಕಾವಲಿ ಕಾದಿದೆಯೋ ನೋಡಲು ಮೊದಲ ದೋಸೆಯ ಅಂಚು. ಶಿರಾ ಒಂದು ಚಮಚ, ದ್ರಾಕ್ಷಿ ಸರಿಯಾಗಿ ಬಿದ್ದಿದೆಯೋ ಎಂದು ಇನ್ನೊಂದು. ಚಹಾ ಪಾತ್ರೆ ಬದಲಾದಾಗೆಲ್ಲ ಗುಟುಕು ಚಹಾ, ಸಕ್ಕರೆ ಹಾಕಿದ್ದು. ಚಟ್ನಿ ಮುಗಿದು ಹೊಸದು ಬಂದಾಗ ಮತ್ತೆ ಇಡ್ಲಿ ತುಂಡು. ನನ್ನ ಚಹಾ ಆರಿಹೋಗಿತ್ತು. ಎದ್ದು ಗಲ್ಲಾದ ಮುಂದೆ ಹೋಗಿ ನಿಂತೆ.

“ಎಂತ ತಿಂತಾ ಇದ್ದೀರಿ?”

ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ. ನಾನು ಬಂದದ್ದಕ್ಕೆ ಅಚ್ಚರಿಪಟ್ಟರೇ ಹೊರತು ಮುಖದಲ್ಲಿ ಕಳ್ಳತನದ ನೆರಳೂ ಇರಲಿಲ್ಲ.

“ತಿನ್ನುದಾ? ನಾನಾ? ರುಚಿ ನೋಡ್ತಾ ಇದ್ದೇನೆ ಮಾರಾಯ್ತಿ.”

“ಹೌದಕ್ಕ,” ಭಟ್ರು ಇವರ ಪರ ನಿಂತರು. “ಧಣಿ ಈಗ ಎಂತದೂ ತಿನ್ನುದಿಲ್ಲ. ಮೊದಲು ಎರಡು ಸೆಟ್ ಇಡ್ಲಿ ಹೊಡೀತಿದ್ರು. ನೋಡಿದ್ರೆ ನಮಗೇ ಬೇಜಾರಾಗ್ತದೆ.”

ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಆಣೆ ಸುಳ್ಳಾಗಿರಲಿಲ್ಲ. ಎಲೆಯ ಮುಂದೆ ಕೂತು ಉಂಡರೆ ಊಟ, ತಟ್ಟೆಗೆ ಹಾಕಿಕೊಂಡರೆ ತಿಂಡಿ. ಚಮಚದಲ್ಲಿ ಬಂದದ್ದು ಕೆಲಸ. ಕಾಡಿನಲ್ಲಿ ನಡೆಯುತ್ತಾ ಒಂದು ಹಣ್ಣು, ಒಂದು ಚಿಗುರು, ಒಂದು ಹಿಡಿ ಬೀಜ ಬಾಯಿಗೆ ಹಾಕಿಕೊಂಡವರು ಸಂಜೆ ಒಲೆಯ ಸುತ್ತ ಕೂತು ಇವತ್ತು ಏನೂ ತಿನ್ನಲಿಲ್ಲ ಎಂದುಕೊಂಡಿರಬಹುದು. ನಾವು ಆ ಒಲೆಯ ಬೂದಿ ಕೆದಕಿ ಅವರ ಆಹಾರ ಇದು ಎನ್ನುತ್ತೇವೆ. ನಾನಾದರೂ ಮೂರು ತಿಂಗಳು ದಿನಚರಿಯಲ್ಲಿ ಇವರ ಊಟ ಬರೆದೆ. ಆ ಒಂದು ‘ಶಿರಾ?’ ಬಿಟ್ಟರೆ ನಾನು ಬಡಿಸಿದ್ದನ್ನು ಮಾತ್ರ ಬರೆದೆ.

“ಹಾಗಾದ್ರೆ ರುಚಿ ನೋಡುದನ್ನು ಬಿಡಿ. ಭಟ್ರು ನೋಡ್ಲಿ.”

“ಭಟ್ರು ಮಾಡಿದ್ದನ್ನು ಭಟ್ರೇ ನೋಡಿದ್ರೆ ಇಲ್ಲಿ ನಾನು ಯಾಕೆ? ನೋಟು ಎಣಿಸ್ಲಿಕ್ಕಾ? ಅಣ್ಣ ಕಾಲು ಹೋದ ಮೇಲೂ ಈ ಕುರ್ಚಿಯಲ್ಲಿ ಕೂತು ಚಮಚ ಬಿಡ್ಲಿಲ್ಲ.”

“ಇದೇ ಚಮಚ ಅಲ್ವಾ?” ಎಂದೆ.

ಕಠಿಣವಾಗಿ ಹೇಳಿದೆನೋ ಮೆಲ್ಲಗೆ ಹೇಳಿದೆನೋ ನೆನಪಿಲ್ಲ. ಇವರು ಲೋಟದತ್ತ ನೋಡಿದರು. ಭಟ್ರು ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಬಿಲ್ ಹಿಡಿದು ನಿಂತ ಗಿರಾಕಿ “ಶೇಟ್, ಜಲ್ದಿ” ಎಂದ. ಇವರು ಚಿಲ್ಲರೆ ಕೊಟ್ಟರು.

ಮಧ್ಯಾಹ್ನ ಒಟ್ಟಿಗೇ ಮರಳಿದೆವು. ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕಿತ್ತು. ಅಂಧೇರಿ ದಾಟಿತು. ಆಮೇಲೆ ಇವರು ಚಪ್ಪಲಿಯಿಂದ ಕಾಲು ತೆಗೆದು, ನನಗೆ ಕಾಣುವ ಹಾಗೆ, ಗಾಯದ ಸುತ್ತ ಬೆರಳಾಡಿಸಿದರು.

“ಮಾತ್ರೆ ತಗೊಳ್ತೇನೆ. ಚಮಚ ಬಿಡುದಿಲ್ಲ.”

“ಇಡ್ಲಿ ತುಂಡು?”

“ಚಟ್ನಿಗೆ ಸೌತೆಕಾಯಿ ಆಗ್ತದಾ ನೋಡುವ.”

ಈಗ ಮಾತ್ರೆ ಶುರುವಾಗಿ ಕೆಲವು ವಾರಗಳಾದವು. ಗಾಯ ಒಣಗುತ್ತಿದೆ. ಮಾತ್ರೆಯನ್ನು ಮಧ್ಯಾಹ್ನದ ಊಟದ ನಂತರ ನುಂಗಬೇಕು. ಕಸದ ಬುಟ್ಟಿಯಲ್ಲಿ ಮಾತ್ರೆಯ ಖಾಲಿ ಪಟ್ಟಿ ಕಂಡಾಗ ಮೊದಮೊದಲು ಸಮಾಧಾನವಾಗುತ್ತಿತ್ತು. ಖಾಲಿ ಪಟ್ಟಿ ಹೇಳುವುದು ಮಾತ್ರೆ ಪಟ್ಟಿಯಲ್ಲಿಲ್ಲ ಎಂದಷ್ಟೇ. ಬಾವನ ಕಾಲದಲ್ಲೂ ಖಾಲಿ ಪಟ್ಟಿಗಳಿದ್ದವು. ಇದ್ದವು ಎಂದು ನನಗೆ ಅನ್ನಿಸುತ್ತದೆ.

ಹಾಗಾಗಿ ನಿನ್ನೆ ಮಾತ್ರೆ ಬಾಯಿಗೆ ಹಾಕಿ ನೀರು ಕುಡಿದ ಕೂಡಲೆ, “ಬಾಯಿ ತೆರೀರಿ” ಎಂದೆ.

“ಎಂತ, ನಾನು ಅಗೆದು ತೆಗೆದ ತಲೆಬುರುಡೆಯಾ?” ಎಂದು ನಗುತ್ತಲೇ ತೆರೆದರು. ಕಿಟಕಿಯ ಬೆಳಕಿಗೆ ಮುಖ ತಿರುಗಿಸಿದೆ. ನಾಲಿಗೆಯ ಕೆಳಗೆ ಮಾತ್ರೆ ಇರಲಿಲ್ಲ, ನುಂಗಿದ್ದರು. ಹಿಂದಿನ ದವಡೆಹಲ್ಲಿನ ಸಂದಿಯಲ್ಲಿ ಒಂದು ಹಸಿರು ಚೂರಿತ್ತು. ಕೊತ್ತಂಬರಿ. ಅದು ಹೋಟೆಲಿನ ಚಟ್ನಿಯದೋ, ನಾನು ಹಾಕಿಕೊಟ್ಟ ಆಮ್ಲೆಟ್ಟಿನದೋ? ಆಮ್ಲೆಟ್ಟಿಗೆ ಕೊತ್ತಂಬರಿ ಹಾಕಿದ್ದೆನೇ? ದಿನಚರಿ ತೆಗೆದು ನೋಡಿದೆ. ‘ಮೊಟ್ಟೆ’ ಎಂದಷ್ಟೇ ಬರೆದಿದ್ದೆ.